ಬೇಸಿಗೆಯಲ್ಲಿ ಬಂಧುಗಳೆಲ್ಲ ಸೇರುವಾಗ: ಆರೋಗ್ಯ ಕೆಡದಂತೆ ಹೋಗಿಬರಲು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆ ರಜೆಯಲ್ಲಿ ಬಂಧುಗಳೆಲ್ಲ ಒಂದೆಡೆ ಸೇರುವುದಿತ್ತು. ಆರು ಗಂಟೆಯ ಕಾರು ಪ್ರಯಾಣ. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ ಕೂತಿದ್ದರು. ಹೊರಡುವಾಗಲೇ ಅವರ ಕೈಗೆ ಒಂದು ಲೀಟರ್ ನೀರಿನ ಬಾಟಲಿ ಕೊಟ್ಟಿದ್ದೆ. ಊರು ಮುಟ್ಟಿ ಇಳಿದವರು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಅವರನ್ನು ನೆರಳಿಗೆ ಕರೆದೊಯ್ದು, ನೀರಿಗಾಗಿ ಕಾರಿನೊಳಗೆ ಕೈ ಹಾಕಿದರೆ ಅದೇ ಬಾಟಲಿ ಸಿಕ್ಕಿತು. ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ.

ಚೇತರಿಸಿಕೊಂಡ ಮೇಲೆ ಕೇಳಿದೆ, "ಯಾಕೆ ದೊಡ್ಡಮ್ಮ, ನೀರೇ ಕುಡಿದಿಲ್ವಲ್ಲ?"

"ಕುಡಿದ್ರೆ ಗಾಡಿ ನಿಲ್ಲಿಸಿ ಅಂತ ಹೇಳ್ಬೇಕಾಗತ್ತೆ. ನನ್ನಿಂದ ಎಲ್ಲರಿಗೂ ತಡ ಆಗೋದು ಬೇಡ ಅಂತ ಸುಮ್ನಿದ್ದೆ."

ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಬಂಧುಗಳು ಸೇರುವ ಪ್ರಯಾಣ ಬೇರೆ ಪ್ರಯಾಣದ ಹಾಗಲ್ಲ. ಎಲ್ಲರ ಖುಷಿ ಹಾಳಾಗಬಾರದು ಅಂತ ಜನ ತಮ್ಮ ಕಷ್ಟವನ್ನು ನುಂಗಿಕೊಳ್ಳುತ್ತಾರೆ. ಹಿರಿಯರು ಬಾಯಾರಿಕೆ ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಊಟ ತಡವಾದರೂ ಕಾಯುತ್ತಾ ಕೂರುತ್ತಾರೆ. ಅಡುಗೆಗೆ ನಿಂತವರು ಹೊಟ್ಟೆ ಕೆಟ್ಟಿದ್ದರೂ ಹೇಳುವುದಿಲ್ಲ. ಎಳೆ ಮಕ್ಕಳಿಗಂತೂ ಹೇಳಲು ಬರುವುದೇ ಇಲ್ಲ. ಹಾಗಾಗಿ ಯಾರೂ ಬಾಯಿಬಿಟ್ಟು ಕೇಳಬೇಕಾಗದ ಹಾಗೆ ಮೊದಲೇ ಏರ್ಪಾಡು ಮಾಡಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕೇ.

ಹಂತ 1: ಎರಡು ವಾರ ಮೊದಲು ಮಾಡಬೇಕಾದ್ದು

ಬಟ್ಟೆ ಜೋಡಿಸುವ ಮೊದಲು ಮೂರು ಫೋನ್ ಕರೆ ಮಾಡಿ.

ಮೊದಲನೆಯದು ವೈದ್ಯರಿಗೆ. ಮನೆಯಲ್ಲಿ ಬಿಪಿ, ಸಕ್ಕರೆ, ಹೃದಯ, ಮೂತ್ರಪಿಂಡ ಅಥವಾ ಉಸಿರಾಟದ ತೊಂದರೆ ಇರುವವರಿದ್ದರೆ ಹೊರಡುವ ಮೊದಲೊಮ್ಮೆ ಮಾತಾಡಿ. ಎರಡು ಪ್ರಶ್ನೆ ಮರೆಯಬೇಡಿ. "ಸೆಕೆಯಲ್ಲಿ ಈ ಮಾತ್ರೆಗಳಿಂದ ಏನಾದರೂ ತೊಂದರೆ ಆಗಬಹುದಾ?" ಮತ್ತು "ದಿನಕ್ಕೆ ಎಷ್ಟು ನೀರು ಕುಡಿಯಬಹುದು?" ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆಗಳು ಬಿಸಿಲಲ್ಲಿ ಬೇಗ ನಿರ್ಜಲೀಕರಣಕ್ಕೆ ತಳ್ಳುತ್ತವೆ. ಕೆಲವು ಅಲರ್ಜಿ ಮಾತ್ರೆಗಳು, ಮಾನಸಿಕ ಆರೋಗ್ಯಕ್ಕೆ ಕೊಡುವ ಕೆಲವು ಮಾತ್ರೆಗಳು ಬೆವರನ್ನೇ ಕಡಿಮೆ ಮಾಡುತ್ತವೆ. ಹಾಗಂತ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ಬದಲಿಸಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರಿಗೆ "ಚೆನ್ನಾಗಿ ನೀರು ಕುಡೀರಿ" ಅನ್ನುವ ಸಲಹೆಯೇ ಅಪಾಯ. ಅವರ ಮಟ್ಟಿಗೆ ವೈದ್ಯರು ಹೇಳಿದ ಲೆಕ್ಕವೇ ಲೆಕ್ಕ.

ಲಸಿಕೆಯನ್ನೂ ಇದೇ ಸಮಯದಲ್ಲಿ ವಿಚಾರಿಸಿ. ಫ್ಲೂ ಲಸಿಕೆ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು. ಹಿಂದಿನ ದಿನ ಹಾಕಿಸಿಕೊಂಡರೆ ಈ ಪ್ರಯಾಣಕ್ಕೆ ಪ್ರಯೋಜನವಿಲ್ಲ. ಅಲ್ಲಿ ಎಳೆ ಕೂಸು ಇದ್ದರೆ ನಾಯಿಕೆಮ್ಮಿನ ಲಸಿಕೆ ಬಗ್ಗೆಯೂ ಕೇಳಿ. ಪೂರ್ತಿ ಡೋಸ್ ಆಗದ ಕೂಸುಗಳಿಗೆ ಆ ಕೆಮ್ಮು ಪ್ರಾಣಕ್ಕೇ ಕುತ್ತು.

ಎರಡನೆಯ ಕರೆ ಮನೆಯವರಿಗೆ, ಅಂದರೆ ಎಲ್ಲರೂ ಸೇರುವ ಆ ಮನೆಗೆ. ಎಷ್ಟು ಜನ ಬರುತ್ತಾರೆ? ಮಲಗಲು ಎಲ್ಲಿ? ಹಿರಿಯರಿಗೆ ಮೆಟ್ಟಿಲು ಹತ್ತದೆ ಸಿಗುವ ಶೌಚಾಲಯ ಇದೆಯಾ? ಫ್ರಿಜ್ಜಿನಲ್ಲಿ ಔಷಧಿಗೆ ಒಂದು ಮೂಲೆ ಸಿಗುತ್ತದಾ? 24 ಗಂಟೆ ತೆರೆದಿರುವ ಆಸ್ಪತ್ರೆ ಎಷ್ಟು ದೂರ? ಕೇಳಲು ಸಂಕೋಚ ಬೇಡ. ಮೂವತ್ತು ಜನರ ನಡುವೆ ನಿಂತು ಕೇಳುವುದಕ್ಕಿಂತ ಫೋನಿನಲ್ಲಿ ಕೇಳುವುದು ಎಷ್ಟೋ ಸಲೀಸು, ಅಲ್ವಾ?

ಮೂರನೆಯದು ಜೊತೆಯಲ್ಲಿ ಬರುವವರಿಗೆ. ಯಾರಿಗೆ ಏನು ತಿಂದರೆ ಆಗಿಬರುವುದಿಲ್ಲ, ಯಾರಿಗೆ ಯಾವ ಔಷಧಿ ಅಲರ್ಜಿ ಅಂತ ಬರೆದಿಟ್ಟುಕೊಳ್ಳಿ. ಶೇಂಗಾ, ಮೊಟ್ಟೆ ಅಥವಾ ಹಾಲಿನ ಅಲರ್ಜಿ ಇರುವ ಮಕ್ಕಳ ಹೆಸರು ಅಡುಗೆಯವರಿಗೆ ಮೊದಲೇ ಗೊತ್ತಿರಬೇಕು.

ಹೊರಡುವ ದಿನ ಯಾರಿಗಾದರೂ ಜ್ವರ, ವಾಂತಿ ಅಥವಾ ಭೇದಿ ಇದ್ದರೆ ಅವರು ಹೋಗಬಾರದು. ಹೇಳುವುದು ಕಷ್ಟ ಅಂತ ಗೊತ್ತು. ವರ್ಷಕ್ಕೊಮ್ಮೆ ಸಿಗುವ ಅವಕಾಶ ತಪ್ಪಿಹೋಯಿತು ಅಂತ ಅಳುವವರನ್ನು ನೋಡಿದ್ದೇನೆ. ಆದರೆ ಅಲ್ಲಿ ಎಂಬತ್ತು ದಾಟಿದ ಅಜ್ಜ ಇರುತ್ತಾರೆ, ಎರಡು ತಿಂಗಳ ಕೂಸು ಇರುತ್ತದೆ. ವಿಡಿಯೋ ಕರೆಯಲ್ಲಿ ಸೇರಿಕೊಳ್ಳಲಿ.

ಹಂತ 2: ಔಷಧಿ ಚೀಲ ಕಟ್ಟುವುದು

ಈ ಒಂದು ಕೆಲಸಕ್ಕೆ ಅರ್ಧ ಗಂಟೆ ಬೇರೆಯೇ ಎತ್ತಿಡಿ. ಮನೆಯಲ್ಲಿ ಮಾತ್ರೆ ತಪ್ಪದಿರುವುದು ಅಭ್ಯಾಸಬಲದಿಂದ. ಹಲ್ಲುಜ್ಜಿದ ಮೇಲೆ, ಕಾಫಿ ಲೋಟದ ಪಕ್ಕ, ಟಿವಿ ಮುಂದೆ ಅಂತ ಪ್ರತಿ ಮಾತ್ರೆಗೂ ಒಂದು ಜಾಗ ಇರುತ್ತದೆ. ಬೇರೆ ಮನೆಯಲ್ಲಿ ಆ ಜಾಗಗಳು ಇರುವುದಿಲ್ಲ, ಮಾತ್ರೆಯೂ ಮರೆತುಹೋಗುತ್ತದೆ.

ಏಳು ದಿನದ ಖಾನೆಗಳಿರುವ ಪ್ಲಾಸ್ಟಿಕ್ ಡಬ್ಬಿ ಕೊಳ್ಳಿ. ಬೆಳಗ್ಗೆ, ರಾತ್ರಿ ಅಂತ ಎರಡು ಸಾಲು ಇರುವುದಾದರೆ ಒಳ್ಳೆಯದು. ಹಿರಿಯರ ಜೊತೆ ಕೂತು ನೀವೇ ತುಂಬಿಸಿ. ಮಾತ್ರೆಗಳ ಮೂಲ ಪಟ್ಟಿಗಳನ್ನೂ (ಸ್ಟ್ರಿಪ್) ವೈದ್ಯರ ಚೀಟಿಯನ್ನೂ ಬೇರೆ ಕವರಿನಲ್ಲಿ ಇಟ್ಟುಕೊಳ್ಳಿ. ಡಬ್ಬಿಯಲ್ಲಿರುವ ಬಿಳಿ ಗುಂಡು ಮಾತ್ರೆ ಯಾವುದು ಅಂತ ಆಸ್ಪತ್ರೆಯಲ್ಲಿ ಯಾರೂ ಊಹಿಸಲಾರರು. ಚೀಟಿಯ ಫೋಟೋ ಇಬ್ಬರ ಫೋನಿನಲ್ಲಾದರೂ ಇರಲಿ. ಉಳಿಯುವ ದಿನಗಳಿಗಿಂತ ಮೂರು ನಾಲ್ಕು ದಿನದ್ದು ಹೆಚ್ಚಿಗೆ ಇರಲಿ.

ವಿಮಾನದಲ್ಲಿ ಹೋಗುವುದಾದರೆ ಔಷಧಿ ಕೈಚೀಲದಲ್ಲೇ ಇರಬೇಕು. ದೊಡ್ಡ ಸೂಟ್‌ಕೇಸ್ ಬೇರೆ ಊರಿಗೆ ಹೋಗಿಬಿಟ್ಟರೆ ಬಟ್ಟೆ ಸಾಲ ಸಿಗುತ್ತದೆ, ಥೈರಾಯ್ಡ್ ಮಾತ್ರೆ ಸಿಗುವುದಿಲ್ಲ.

ಇನ್ಸುಲಿನ್ ಇದ್ದರೆ ಜಾಸ್ತಿ ಎಚ್ಚರ ಬೇಕು. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಬಳಕೆಯಲ್ಲಿರುವುದನ್ನು ಹೊರಗೆ ಇಡಬಹುದು, ಸಾಮಾನ್ಯವಾಗಿ ನಾಲ್ಕು ವಾರದವರೆಗೆ. ಆದರೆ ಆ ಜಾಗ 25ರಿಂದ 30 ಡಿಗ್ರಿ ದಾಟಬಾರದು. ಸರಿಯಾದ ಮಿತಿ ಪೊಟ್ಟಣದ ಮೇಲೆಯೇ ಇರುತ್ತದೆ, ಓದಿಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನ ಮುಂಭಾಗದ ಡಬ್ಬಿ ಇನ್ಸುಲಿನ್‌ಗೆ ಅತಿ ಕೆಟ್ಟ ಜಾಗ. ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೂ ಕೆಡುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸುವ ಹಾಗಿಲ್ಲ. ತಂಪು ಚೀಲದಲ್ಲಿ, ಬಟ್ಟೆಯಲ್ಲಿ ಸುತ್ತಿ ಇಡಿ.

ಉಳಿದಂತೆ ಚೀಲದಲ್ಲಿ ಇರಲಿ: ಓಆರ್‌ಎಸ್ ಪೊಟ್ಟಣ ಹತ್ತಾದರೂ, ಥರ್ಮಾಮೀಟರ್, ಪ್ಯಾರಾಸಿಟಮಾಲ್, ಮಕ್ಕಳಿದ್ದರೆ ಅವರ ಸಿರಪ್ಪು ಮತ್ತು ಅಳತೆಯ ಸಿರಿಂಜ್, ಬ್ಯಾಂಡೇಜು, ಗಾಯ ತೊಳೆಯುವ ದ್ರಾವಣ, ಚಿಕ್ಕ ಚಿಮಟ. ಮಕ್ಕಳ ಡೋಸ್ ನಿರ್ಧಾರವಾಗುವುದು ತೂಕದಿಂದ. ಹಾಗಾಗಿ ಹೊರಡುವ ಮುಂಚೆ ತೂಕ ನೋಡಿ ಸಿರಪ್ಪಿನ ಡಬ್ಬಿ ಮೇಲೆಯೇ ಬರೆದಿಡಿ. ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬೇಡಿ. ರೇಯ್ಸ್ ಸಿಂಡ್ರೋಮ್ ಅನ್ನುವ, ಮೆದುಳು ಮತ್ತು ಯಕೃತ್ತಿಗೆ ತಾಗುವ ಅಪರೂಪದ ಆದರೆ ಘೋರವಾದ ಕಾಯಿಲೆಗೂ ಅದಕ್ಕೂ ನಂಟಿದೆ. ನಿದ್ದೆಯಲ್ಲಿ ಉಸಿರಿಗೆ ನೆರವಾಗುವ ಯಂತ್ರ ಬಳಸುವವರು "ಎರಡು ರಾತ್ರಿ ತಾನೇ" ಅಂತ ಬಿಟ್ಟುಹೋಗಬೇಡಿ.

ಹಂತ 3: ದಾರಿಯಲ್ಲಿ

ಗಾಡಿ ನಿಲ್ಲಿಸುವ ಸಮಯವನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಿಬಿಡಿ. ಎರಡು ಗಂಟೆಗೊಮ್ಮೆ, ಯಾರು ಕೇಳಿದರೂ ಕೇಳದಿದ್ದರೂ ನಿಲ್ಲಿಸಿ. ಎಲ್ಲಿ ಶುಚಿಯಾದ ಶೌಚಾಲಯ ಇದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಇದೊಂದು ಗೊತ್ತಾಗಿಬಿಟ್ಟರೆ ಹಿಂದಿನ ಸೀಟಿನವರು ನಿಶ್ಚಿಂತೆಯಿಂದ ನೀರು ಕುಡಿಯುತ್ತಾರೆ. ಈಗ ನಮ್ಮ ದೊಡ್ಡಮ್ಮ ಪ್ರತಿ ನಿಲುಗಡೆಯಲ್ಲೂ ಇಳಿಯುತ್ತಾರೆ. ಯಾಕೆಂದರೆ ನಾವೆಲ್ಲರೂ ಇಳಿಯುತ್ತೇವೆ.

ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. "ದಾಹ ಆದ್ರೆ ಕುಡೀರಿ" ಅಂದರೆ ಸಾಲದು, ಲೋಟಕ್ಕೆ ಹಾಕಿ ಕೈಗೆ ಕೊಡಿ. ಗಟಗಟ ಒಂದೇ ಸಲ ಬೇಡ, ಆಗಾಗ ನಾಲ್ಕು ಗುಟುಕು ಸಾಕು. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ, ಗಾಢವಾಗಿದ್ದರೆ ಸಾಲದು. ಆರು ತಿಂಗಳ ಒಳಗಿನ ಕೂಸಿಗೆ ಸೆಕೆ ಅಂತ ನೀರು ಕುಡಿಸಬೇಡಿ, ಹಾಲನ್ನೇ ಹೆಚ್ಚು ಸಲ ಕೊಡಿ.

ನಿಲ್ಲಿಸಿದಾಗ ಐದು ನಿಮಿಷ ಎಲ್ಲರೂ ನಡೆಯಿರಿ. ನಾಲ್ಕು ಗಂಟೆಗೂ ಹೆಚ್ಚು ಕೂತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಕಾರು, ಬಸ್ಸು, ರೈಲು, ವಿಮಾನ, ಎಲ್ಲದಕ್ಕೂ ಈ ಮಾತು ಒಂದೇ. ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು, ಮೊದಲೊಮ್ಮೆ ಹೀಗಾಗಿದ್ದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ಹೊರಡಲಿ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಬೆರಳು ಎತ್ತಿ ಇಳಿಸುವುದು ಮಾಡುತ್ತಿರಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಸುಸ್ತಿಗೆ ಹೀಗಾಗಿದೆ ಅಂತ ತಿಕ್ಕುತ್ತಾ ಕೂರಬೇಡಿ, ಅವತ್ತೇ ತೋರಿಸಿ. ಜೊತೆಗೆ ಎದೆನೋವು, ಏದುಸಿರು ಇದ್ದರೆ ತುರ್ತು ವಿಭಾಗಕ್ಕೇ ಹೋಗಿ.

ವಾಂತಿ ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ದಿಗಂತ ನೋಡಲು ಹೇಳಿ. ಒಳಗಿವಿ "ಚಲಿಸುತ್ತಿದ್ದೇವೆ" ಅನ್ನುತ್ತದೆ, ಫೋನ್ ನೋಡುತ್ತಿರುವ ಕಣ್ಣು "ಇಲ್ಲ" ಅನ್ನುತ್ತದೆ. ಆ ಜಗಳವೇ ಓಕರಿಕೆ. ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುವುದರಿಂದ ಗಾಡಿ ಓಡಿಸುವವರು ಮುಟ್ಟಬಾರದು. ಮುಂದಿನ ಸೀಟಿನ ಮಾತು ದೊಡ್ಡವರಿಗೆ ಮಾತ್ರ. ಮಕ್ಕಳ ಜಾಗ ಹಿಂದೆಯೇ, ಅವರ ಅಳತೆಯ ಸೀಟಿನಲ್ಲಿ ಬೆಲ್ಟ್ ಹಾಕಿ.

ಓಡಿಸುವವರ ನಿದ್ದೆಯ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯ. ಕೆಲಸ ಮುಗಿಸಿ, ರಾತ್ರಿಯಿಡೀ ಓಡಿಸಿ, ಬೆಳಗ್ಗೆ ಮುಟ್ಟಿಬಿಡೋಣ ಅನ್ನುವುದು ತುಂಬಾ ಮನೆಗಳ ಲೆಕ್ಕ. ಸತತ 17 ಗಂಟೆ ಎಚ್ಚರವಿದ್ದವರು ಕುಡಿದು ಓಡಿಸುವವರ ಹಾಗೆಯೇ ನಿಧಾನವಾಗಿ ಪ್ರತಿಕ್ರಿಯಿಸುತ್ತಾರೆ. ಹಾಡು ಜೋರು ಮಾಡುವುದು, ಕಿಟಕಿ ಇಳಿಸುವುದು ಇದಕ್ಕೆ ಮದ್ದಲ್ಲ. ರೆಪ್ಪೆ ಭಾರವಾದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಕಾಫಿ ಕುಡಿದು, ತಕ್ಷಣ 20 ನಿಮಿಷ ಕಣ್ಣು ಮುಚ್ಚಿ. ಕಾಫಿ ಕೆಲಸ ಶುರುಮಾಡಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಚಿಕ್ಕ ನಿದ್ದೆಯೂ ಮುಗಿದಿರುತ್ತದೆ. ಆದರೂ ತೂಕಡಿಕೆ ಹೋಗದಿದ್ದರೆ ಸ್ಟಿಯರಿಂಗ್ ಬೇರೆಯವರಿಗೆ ಕೊಡಿ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಎರಡು ಸಲ ಓದಿ. ನಿಂತ ಕಾರಿನಲ್ಲಿ ಮಗುವನ್ನಾಗಲಿ, ಮಲಗಿದ ಹಿರಿಯರನ್ನಾಗಲಿ, ನಾಯಿಯನ್ನಾಗಲಿ "ಎರಡೇ ನಿಮಿಷ" ಅಂತ ಬಿಡಬೇಡಿ. ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಕಾರಿನ ಒಳಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕಿಟಕಿ ಸ್ವಲ್ಪ ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ. ದೊಡ್ಡವರಿಗಿಂತ ಮಗುವಿನ ಮೈ ಎಷ್ಟೋ ಪಟ್ಟು ಬೇಗ ಕಾಯುತ್ತದೆ. ಊರು ಮುಟ್ಟಿದ ತಕ್ಷಣದ ಗಡಿಬಿಡಿಯಲ್ಲೇ ಇದು ಆಗುವುದು. ಎಲ್ಲರೂ ಸಾಮಾನು ಇಳಿಸುತ್ತಾರೆ, ಮಗು ಇನ್ಯಾರದೋ ಕೈಯಲ್ಲಿದೆ ಅಂದುಕೊಳ್ಳುತ್ತಾರೆ. ಹಿಂದಿನ ಸೀಟು ಖಾಲಿ ಆಗಿದೆಯಾ ಅಂತ ನೋಡುವ ಕೆಲಸ ಒಬ್ಬರ ಹೆಸರಿಗೆ ಬರೆದಿರಲಿ.

ಹಂತ 4: ಬಿಸಿಲು ತಾಗಿದರೆ

ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಹೊರಗಿನ ಆಟ, ಫೋಟೋ, ಸುತ್ತಾಟ ಬೇಡ. ಇದ್ದರೂ ನೆರಳಲ್ಲಿರಲಿ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ, ನೀರಿಗಿಳಿದು ಬಂದ ಮೇಲೆ ಮತ್ತೊಮ್ಮೆ. ಆರು ತಿಂಗಳ ಒಳಗಿನ ಕೂಸಿಗೆ ನೆರಳು ಮತ್ತು ತೆಳು ಬಟ್ಟೆಯೇ ರಕ್ಷಣೆ.

ತಲೆನೋವು, ತುಂಬಾ ಬೆವರು, ಓಕರಿಕೆ, ಸ್ನಾಯು ಸೆಳೆತ, ನಿಶ್ಶಕ್ತಿ, ಇವು ಬಿಸಿಲಿನ ಬಳಲಿಕೆಯ ಗುರುತು. ತಂಪು ಜಾಗಕ್ಕೆ ಕರೆತನ್ನಿ, ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ, ಬಟ್ಟೆ ಸಡಿಲಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಅರ್ಧ ಗಂಟೆಯಲ್ಲಿ ಸುಧಾರಿಸಬೇಕು.

ಮಾತು ತಡವರಿಸಿದರೆ, ಎಲ್ಲಿದ್ದೇನೆ ಅನ್ನುವ ಅರಿವು ತಪ್ಪಿದರೆ, ಎಚ್ಚರ ತಪ್ಪಿದರೆ, ಫಿಟ್ಸ್ ಬಂದರೆ ಅದು ಹೀಟ್ ಸ್ಟ್ರೋಕ್. ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ ಹೋಗಿರುತ್ತದೆ. ಚರ್ಮ ಒಣಗಿರಲೇಬೇಕು ಅಂತಿಲ್ಲ, ಬೆವರುತ್ತಿದ್ದರೂ ಹೀಟ್ ಸ್ಟ್ರೋಕ್ ಆಗಿರಬಹುದು. ಆಂಬುಲೆನ್ಸ್ ಕರೆಸಿ. ಅದು ಬರುವವರೆಗೆ ಕೈಕಟ್ಟಿ ನಿಲ್ಲಬೇಡಿ. ಮೈಮೇಲೆ ಧಾರಾಳವಾಗಿ ನೀರು ಸುರಿಯಿರಿ, ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಸುತ್ತಿದ ಬಟ್ಟೆ ಇಡಿ. ಎಷ್ಟು ಬೇಗ ತಣಿಸುತ್ತೀರೋ ಜೀವ ಉಳಿಯುವ ಸಾಧ್ಯತೆ ಅಷ್ಟು ಹೆಚ್ಚು. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್‌ನಿಂದ ಈ ಕಾವು ಇಳಿಯುವುದಿಲ್ಲ.

ಹಂತ 5: ಊಟದ ಮನೆ

ದೊಡ್ಡ ಕೂಟಗಳಲ್ಲಿ ಹೊಟ್ಟೆ ಕೆಡುವುದು ಹೆಚ್ಚಾಗಿ ಅಡುಗೆ ಮಾಡಿದ ರೀತಿಗಿಂತ ಅದನ್ನು ಇಟ್ಟ ರೀತಿಯಿಂದ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಹಾಗಾಗಿ ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು. ವಾತಾವರಣವೇ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಬೇಸಿಗೆಯ ಮಧ್ಯಾಹ್ನ ಅಂದರೆ ಈ ಒಂದು ಗಂಟೆಯ ಲೆಕ್ಕವೇ ಅನ್ವಯ.

ಒಂದು ದೊಡ್ಡ ಪಾತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಧ್ಯಾಹ್ನದ ಅನ್ನ ಅರ್ಧ ಉಳಿದಿದೆ. "ಆರಲಿ, ಆಮೇಲೆ ಒಳಗಿಡೋಣ" ಅಂತ ತಟ್ಟೆ ಮುಚ್ಚಿದ್ದಾರೆ. ಸಂಜೆ ಐದಕ್ಕೆ ಸೌಟು ಹಾಕಿ ಮೇಲಿನ ಪದರ ಸರಿಸಿದರೆ ನಡುವಿನಿಂದ ಇನ್ನೂ ಬೆಚ್ಚನೆ ಹಬೆ ಬರುತ್ತದೆ. ಆ ಬೆಚ್ಚನೆಯ ನಡುಭಾಗವೇ ಅಪಾಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿರುವಾಗ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಕುದಿಸಿದೀನಿ, ಏನೂ ಆಗಲ್ಲ" ಅನ್ನುವ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಏನು ಮಾಡಬೇಕು? ಊಟ ಮುಗಿದ ಕೂಡಲೇ ಉಳಿದದ್ದನ್ನು ಅಗಲವಾದ, ತಗ್ಗು ತಟ್ಟೆಗಳಿಗೆ ಹರಡಿ. ಐದು ಸೆಂಟಿಮೀಟರಿಗಿಂತ ದಪ್ಪ ಇರಬಾರದು. ಬೇಗ ಆರುತ್ತದೆ, ಆರಿದ ತಕ್ಷಣ ಫ್ರಿಜ್ಜಿಗೆ ಇಡಿ. ಮತ್ತೆ ಬಡಿಸುವಾಗ ಒಮ್ಮೆ ಮಾತ್ರ, ಹಬೆಯಾಡುವಷ್ಟು ಬಿಸಿ ಮಾಡಿ. ಯಾವಾಗಿನದು ಅಂತ ಗೊತ್ತಿಲ್ಲದ ಪಾತ್ರೆ ಇದ್ದರೆ ಚೆಲ್ಲಿಬಿಡಿ. ಅನ್ನ ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ. ಅದಕ್ಕೇ ಒಂದೇ ದೊಡ್ಡ ಸಲ ಮಾಡುವ ಬದಲು ಎರಡು ಸಲ ಕಡಿಮೆ ಕಡಿಮೆ ಮಾಡುವುದು ಮೇಲು.

ಹಸಿ ಮಾಂಸ, ಮೀನು ಹೆಚ್ಚಿದ ಮಣೆ ಮತ್ತು ಚಾಕುವಿನಲ್ಲೇ ಹಣ್ಣು ತರಕಾರಿ ಹೆಚ್ಚಬೇಡಿ. ಮಾಂಸದ ಒಳಭಾಗ 70 ಡಿಗ್ರಿ ಮುಟ್ಟುವಷ್ಟು ಬೇಯಲಿ. ಕೈಯಲ್ಲಿ ಕೀವು ತುಂಬಿದ ಗಾಯ ಇರುವವರು ಬಡಿಸುವುದೂ ಬೇಡ, ಕಲಸುವುದೂ ಬೇಡ. ಸ್ಟೆಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಅಲ್ಲಿಂದಲೇ ಊಟಕ್ಕೆ ಇಳಿಯುತ್ತದೆ. ಅದರ ವಿಷವೂ ಬಿಸಿಗೆ ಜಗ್ಗುವುದಿಲ್ಲ. ಭೇದಿ ಆದವರು, ಅದು ಪೂರ್ತಿ ನಿಂತು 48 ಗಂಟೆ ಆಗುವವರೆಗೂ ಅಡುಗೆಮನೆಗೆ ಕಾಲಿಡಬಾರದು. ಕೆಲಸ ಬಿಟ್ಟು ಕೂತರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರೆ ಅಂತ ಅವರು ಅಂಜುತ್ತಾರೆ. ಹಾಗಾಗಿ ಮನೆಯ ಹಿರಿಯರೇ ಬಾಯಿತೆರೆದು "ನೀನು ಇವತ್ತು ಮಲಗಮ್ಮ" ಅನ್ನಬೇಕು.

ಕೈ ತೊಳೆಯುವುದಕ್ಕೆ ಸೋಪು, ನೀರು, 20 ಸೆಕೆಂಡು. ಸ್ಯಾನಿಟೈಸರ್ ದಾರಿಯಲ್ಲಿ ಸರಿ, ಅದರಲ್ಲಿ ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರಬೇಕು. ಆದರೆ ಮನೆಮಂದಿಗೆಲ್ಲ ಒಟ್ಟಿಗೆ ವಾಂತಿ ಭೇದಿ ತರುವ ನೊರೊವೈರಸ್ ಮೇಲೆ ಸ್ಯಾನಿಟೈಸರ್ ಹೆಚ್ಚು ನಡೆಯುವುದಿಲ್ಲ. ಅಲ್ಲಿ ಸೋಪೇ ಆಗಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಊಟ ಎಲ್ಲರ ಪಂಕ್ತಿಗೆ ಕಾಯಬಾರದು. ಅವರಿಗೆ ಮೊದಲೇ ಬಡಿಸಿ. ನಡುಕ, ತಣ್ಣನೆ ಬೆವರು, ಗೊಂದಲ, ಸಿಡಿಮಿಡಿ ಕಂಡರೆ ಮೂರ್ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 6: ಹೊಟ್ಟೆ ಕೆಟ್ಟೇಬಿಟ್ಟರೆ

ಪೊಟ್ಟಣದ ಓಆರ್‌ಎಸ್ ಎಲ್ಲಕ್ಕಿಂತ ಒಳ್ಳೆಯದು. ಮೇಲೆ ಬರೆದಷ್ಟೇ ನೀರಿಗೆ, ಪೂರ್ತಿ ಪೊಟ್ಟಣ ಹಾಕಿ. ರುಚಿಗೆ ಅಂತ ಅರ್ಧ ಹಾಕುವುದು, ಇನ್ನಷ್ಟು ಸಕ್ಕರೆ ಸೇರಿಸುವುದು ಬೇಡ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲವೂ ಚಮಚದ ಅಂಚಿಗೆ ಸಮವಾಗಿ. ಉಪ್ಪು ಜಾಸ್ತಿ ಆದರೆ ಮಗುವಿಗೆ ಅಪಾಯ, ಅಳೆದೇ ಹಾಕಿ. ಕಲಸಿದ್ದು 24 ಗಂಟೆಯ ನಂತರ ಚೆಲ್ಲಬೇಕು.

ಪ್ರತಿ ಸಲ ಭೇದಿ ಆದಾಗ ಎರಡು ವರ್ಷದ ಒಳಗಿನ ಮಗುವಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ತಡೆದು, ಮತ್ತೆ ಚಮಚದಲ್ಲಿ ನಿಧಾನವಾಗಿ ಕೊಡಿ. ತಾಯಿಹಾಲು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. ಮಕ್ಕಳಿಗೆ ಸತುವಿನ ಔಷಧಿಯನ್ನೂ 10ರಿಂದ 14 ದಿನ ಕೊಡುವುದಿದೆ, ವೈದ್ಯರನ್ನು ಕೇಳಿ. ಭೇದಿಯನ್ನು ಥಟ್ಟನೆ ನಿಲ್ಲಿಸುವ ಮಾತ್ರೆ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ರಕ್ತ ಬೀಳುತ್ತಿದ್ದರೆ ದೊಡ್ಡವರಿಗೂ ಬೇಡ.

ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದದ್ದು ನಿಲ್ಲದಿರುವುದು, ಆರೆಂಟು ಗಂಟೆ ಮೂತ್ರ ಹೋಗದಿರುವುದು, ಗುಳಿಬಿದ್ದ ಕಣ್ಣು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

ಹಂತ 7: ಮಕ್ಕಳ ಸುತ್ತ ಕಣ್ಣು

ಇಪ್ಪತ್ತು ಜನ ದೊಡ್ಡವರಿದ್ದರೂ ಒಬ್ಬರೂ ನೋಡದಿರುವ ಕ್ಷಣ ಇಂಥ ಮನೆಗಳಲ್ಲಿ ಬಂದೇ ಬರುತ್ತದೆ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಕೆರೆ, ಹೊಳೆ, ಸಮುದ್ರ, ಈಜುಕೊಳ ಯಾವುದೇ ಇರಲಿ, ಮಕ್ಕಳು ನೀರಿಗಿಳಿದರೆ ಒಬ್ಬರ ಹೆಸರು ಹಿಡಿದು ಜವಾಬ್ದಾರಿ ಕೊಡಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಿಸಿ. ಆ ಹೊತ್ತಿನಲ್ಲಿ ಅವರ ಫೋನ್ ಇನ್ನೊಬ್ಬರ ಕೈಯಲ್ಲಿರಲಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ ಹೋಗುತ್ತದೆ. ಅಂಬೆಗಾಲಿನ ಮಗುವಿಗೆ ಬಕೆಟ್ಟಿನ ತಳದ ನೀರೂ ಸಾಕು. ಸ್ನಾನದ ಮನೆ ಬಾಗಿಲು ಮುಚ್ಚಿರಲಿ, ಬಕೆಟ್ ಬೋರಲಾಗಿರಲಿ.

ಹಿರಿಯರ ಕೈಚೀಲವನ್ನು ಎತ್ತರಕ್ಕಿಡಿ. ಹಂತ 2ರ ಆ ಮಾತ್ರೆ ಡಬ್ಬಿ ಮಕ್ಕಳ ಕಣ್ಣಿಗೆ ಬಣ್ಣದ ಮಿಠಾಯಿ ಡಬ್ಬಿಯ ಹಾಗೆಯೇ ಕಾಣುತ್ತದೆ. ದೊಡ್ಡವರ ಒಂದೆರಡು ಬಿಪಿ ಅಥವಾ ಸಕ್ಕರೆ ಮಾತ್ರೆಯೇ ಮಗುವಿಗೆ ಮಾರಕವಾಗಬಹುದು. ನುಂಗಿದೆ ಅನ್ನುವ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಪಟ್ಟಿಯ ಸಮೇತ ಆಸ್ಪತ್ರೆಗೆ ಓಡಿ. ಬಟನ್ ಬ್ಯಾಟರಿ ನುಂಗಿದರೂ ಹಾಗೆಯೇ, ಅದು ಅನ್ನನಾಳವನ್ನು ಎರಡು ಗಂಟೆಯೊಳಗೇ ಸುಡಬಲ್ಲದು.

ನಾಲ್ಕು ವರ್ಷದ ಒಳಗಿನವರಿಗೆ ಇಡೀ ಬೀಜಗಳು, ಗಟ್ಟಿ ಮಿಠಾಯಿ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ವರ್ಷ ತುಂಬದ ಕೂಸಿಗೆ ಪ್ರೀತಿಗಾದರೂ ಜೇನು ನೆಕ್ಕಿಸಬೇಡಿ. ಕೂಸನ್ನು ಎತ್ತಿಕೊಳ್ಳುವವರು ಕೈ ತೊಳೆಯಲಿ, ನೆಗಡಿ ಇರುವವರು ಅಥವಾ ತುಟಿಯ ಮೇಲೆ ಗುಳ್ಳೆ ಎದ್ದವರು ಮುತ್ತಿಡದಿರಲಿ. ಇದನ್ನು ತಾಯಿ ಹೇಳಿದರೆ ಕೆಲವರಿಗೆ ಬೇಸರ ಆಗುತ್ತದೆ. ಚಿಕ್ಕಪ್ಪನೋ ಅತ್ತೆಯೋ ಅವಳ ಪರವಾಗಿ ಹೇಳಿದರೆ ಎಲ್ಲರೂ ಕೇಳುತ್ತಾರೆ. ಮೂರು ತಿಂಗಳ ಒಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಮನೆಮದ್ದು ನೋಡದೆ ನೇರ ಆಸ್ಪತ್ರೆಗೆ ಹೋಗಿ.

ಹಂತ 8: ನಿದ್ದೆ, ಗಾಳಿ, ಸೊಳ್ಳೆ

ಮಾತು ಮುಗಿಯುವುದಿಲ್ಲ, ರಾತ್ರಿ ಎರಡಾಗುತ್ತದೆ. ಒಂದು ರಾತ್ರಿ ಸರಿ, ಪ್ರತಿ ರಾತ್ರಿ ಬೇಡ. ಮಕ್ಕಳಿಗೂ ಹಿರಿಯರಿಗೂ ಬೇಗ ದೀಪ ಆರಿಸುವ ಒಂದು ಕೋಣೆ ಬಿಟ್ಟುಕೊಡಿ. ಮಧ್ಯಾಹ್ನ ಅರ್ಧ ಗಂಟೆ ಇಡೀ ಮನೆ ಮಲಗಲಿ.

ಒಬ್ಬರಿಗೆ ಕೆಮ್ಮು ಶುರುವಾದರೆ ಕಿಟಕಿಗಳನ್ನು ತೆರೆಯಿರಿ, ಅವರಿಗೆ ಬೇರೆ ಕೋಣೆ ಕೊಡಿ. ಮುಚ್ಚಿದ ಎಸಿ ಕೋಣೆಯಲ್ಲಿ ಹದಿನೈದು ಜನ ಕೂತರೆ ಅದೇ ಗಾಳಿಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ.

ಡೆಂಗ್ಯೂ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ಮುಲಾಮು ಹಚ್ಚಿ. ಎರಡು ತಿಂಗಳ ಒಳಗಿನ ಕೂಸಿಗೆ ಮುಲಾಮಿನ ಬದಲು ಪರದೆ ಕಟ್ಟಿ.

ಹಂತ 9: ವಾಪಸ್ ಬಂದ ಮೇಲೆ

ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ವೈದ್ಯರಿಗೆ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ. ಮಲೇರಿಯಾ ಇರುವ ಜಾಗಕ್ಕೆ ಹೋಗಿದ್ದರೆ ತಿಂಗಳುಗಳ ನಂತರ ಬಂದ ಜ್ವರಕ್ಕೂ ಈ ಮಾತು ಅನ್ವಯ. ಕಾಲು ಊದುವುದರ ಮೇಲೂ ಕೆಲವು ವಾರ ಕಣ್ಣಿರಲಿ. ನಿಮಗೆ ಹೊಟ್ಟೆ ಕೆಟ್ಟಿದ್ದರೆ ಆ ಮನೆಯವರಿಗೆ ತಿಳಿಸಿ. ದೂರು ಹೇಳುವ ಹಾಗಾಗುತ್ತದೆ ಅಂತ ಸುಮ್ಮನಾಗಬೇಡಿ, ಅಲ್ಲಿ ಇನ್ನೂ ಅದೇ ಊಟ ಉಳಿದಿರಬಹುದು.

ಮರುದಿನ ಎಲ್ಲ ಹಿರಿಯರಿಗೂ ಒಂದೊಂದು ಫೋನ್ ಮಾಡಿ. "ಚೆನ್ನಾಗಿದ್ದೀರಾ?" ಅಂತ ಕೇಳಿದರೆ "ಚೆನ್ನಾಗಿದ್ದೀನಪ್ಪ" ಅಂತಲೇ ಉತ್ತರ ಬರುತ್ತದೆ. ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು, ಬೆಳಗ್ಗೆ ಏನು ತಿಂದಿರಿ, ಮೂತ್ರ ಸರಿಯಾಗಿ ಹೋಯಿತಾ, ಇವತ್ತಿನ ಮಾತ್ರೆ ಖಾನೆ ಖಾಲಿ ಆಗಿದೆಯಾ ಅಂತ ಒಂದೊಂದಾಗಿ ಕೇಳಿ. ಹೋದ ಬೇಸಿಗೆಯಲ್ಲಿ ಹೀಗೆ ಕೇಳುತ್ತಾ ಹೋದಾಗ ನಾಲ್ಕನೆಯ ಪ್ರಶ್ನೆಗೆ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಡಿ, ನೋಡ್ಕೊಂಡು ಬರ್ತೀನಿ" ಅಂದರು. ಹಿಂದಿನ ರಾತ್ರಿಯ ಖಾನೆಯಲ್ಲಿ ಮಾತ್ರೆ ಹಾಗೆಯೇ ಇತ್ತು.